ಬರೀ ನೀರಿನ ಲೆಕ್ಕ

ಮೊದಲು ಬರೀ ನೀರು.
ಪುಟ್ಟ ಸೀಸೆಯಲ್ಲಿ ಒಂದು ಮಿಲಿಲೀಟರ್,
ತಾಮ್ರದ ಸುರುಳಿಯ ನಡುವೆ, ಹತ್ತು ನಿಮಿಷ.
ಏನೂ ಬೆರೆಸದ ನೀರೂ ಒಂದಿಷ್ಟು ಕಾಯುತ್ತದೆ:
ಸುರುಳಿಯ ಸ್ವಂತ ಬಿಸಿ ಅದು.
ಬರೆದಿಟ್ಟುಕೊಂಡು ಆಮೇಲೆ ಕಳೆಯಬೇಕು,
ಇಲ್ಲದಿದ್ದರೆ ಯಾರ ಕಾವನ್ನು ಯಾರ ಹೆಸರಿಗೆ ಬರೆದೆ
ಎಂಬುದೇ ತಿಳಿಯುವುದಿಲ್ಲ.

ಪೊನ್ನಂಪೇಟೆಯಲ್ಲಿ ಜನವರಿ.
ಕಾಲೇಜಿನ ಹಿಂದಿನ ಕಣದಲ್ಲಿ ಚೆರಿ ಹರವಿದ್ದಾರೆ.
ಹುಳಿ ವಾಸನೆ ಕಿಟಕಿಯ ಸಂದಿಯಿಂದ ನುಸುಳಿ
ಮೀಟರಿನ ಮೇಲೂ ಕೂರುತ್ತದೆ.

ಆಮೇಲೆ ಕಬ್ಬಿಣ.
ಕತ್ತಿಯದಲ್ಲ, ಗುದ್ದಲಿಯದಲ್ಲ;
ಕಾಫಿ ಹೂವಿನ ಒಂದೇ ಒಂದು ಪರಾಗದ ಅಗಲಕ್ಕೆ
ಸಾಲು ನಿಲ್ಲಿಸಿದರೆ ಎರಡು ಸಾವಿರ ಹಿಡಿಸುವ ಹರಳು,
ಒಂದೊಂದಕ್ಕೂ ಸಕ್ಕರೆಯ ಅಂಗಿ.
ಕಣ್ಣಿಗೆ ಬರೀ ಕಪ್ಪು ಡಿಕಾಕ್ಷನ್.

ಗುಂಡಿ ಒತ್ತಿದರೆ ಸುರುಳಿಯ ಸೆಳೆತ
ಸೆಕೆಂಡಿಗೆ ಮೂರು ಲಕ್ಷ ಸಲ ದಿಕ್ಕು ಬದಲಿಸುತ್ತದೆ.
ಕಣಗಳೂ ಜೊತೆಗೆ ತಿರುಗಲು ಹೋಗುತ್ತವೆ,
ಪ್ರತಿ ಸಲವೂ ತುಸು ತಡ.
ಆ ತಡವೇ ಬಿಸಿ.

ಲೋಹದ ಕಡ್ಡಿ ಅದ್ದಿ ಅಳೆಯುವಂತಿಲ್ಲ.
ಅದು ತಾನೇ ಕಾದು, ತನ್ನ ಜ್ವರವನ್ನು
ನೀರಿನ ಜ್ವರವೆಂದು ವರದಿ ಒಪ್ಪಿಸುತ್ತದೆ.
(ಅಂಥವರನ್ನು ಕಮಿಟಿಗಳಲ್ಲೂ ಕಂಡಿದ್ದೇನೆ.)
ಬೆಳಕಿನಿಂದ ಓದುವ ಗಾಜಿನ ಎಳೆಯೇ ಬೇಕು.
ಒಂದು ಮುರಿದರೆ ನನ್ನ ನಾಲ್ಕು ತಿಂಗಳ ಸಂಬಳ.

ಐದಕ್ಕೆ ಪೂಣಚ್ಚ ಬರುತ್ತಾರೆ, ಬೀಗದ ಗೊಂಚಲು ಹಿಡಿದು.
‘ಎಷ್ಟಾಯ್ತು ಮೇಡಂ?’
ಅವರಿಗೆ ಬೇಕಾದ ಸಂಖ್ಯೆ ಒಂದೇ, ನಲವತ್ತಮೂರು.
ಅಷ್ಟಕ್ಕೆ ಗಡ್ಡೆಯ ಕೋಶ ಸೋಲುತ್ತದೆ,
ಪಕ್ಕದ ಒಳ್ಳೆಯದು ಹೇಗೋ ತಾಳಿಕೊಳ್ಳುತ್ತದೆ
ಎಂದು ಒಮ್ಮೆ ನಾನೇ ಬಾಯಿಬಿಟ್ಟಿದ್ದೆ.
ಬಿಡಬಾರದಿತ್ತು.
ಪೊನ್ನವ್ವ ಸೋಮವಾರ ಸೋಮವಾರ
ಗೋಣಿಕೊಪ್ಪದ ಮೊದಲ ಬಸ್ಸಿಗೆ ಮೈಸೂರು,
ಮಡಿಲಲ್ಲಿ ವಾಂತಿಗೆಂದು ಪ್ಲಾಸ್ಟಿಕ್ ಕವರು.

ಹೋದ ವಾರ ಮೂವತ್ತೇಳರಿಂದ, ಅಂದರೆ ಮೈಯ ಬಿಸಿಯಿಂದ, ಶುರು ಮಾಡಿ
ಆರನೇ ನಿಮಿಷಕ್ಕೆ ನಲವತ್ತಮೂರು ದಾಟಿತ್ತು.
ಪೂಣಚ್ಚನ ಬೀಗದ ಕೈಗಳು ಗಲಗಲ ಅಂದವು.
ಈ ವಾರ ಅಗರ್ ಕಾಯಿಸಿ ಹೆಪ್ಪು ಹಾಕಿದೆ,
ಮಾಂಸಕ್ಕೆ ಹೋಲಲಿ ಎಂದು.
ಅವೇ ಕಣ, ಅದೇ ತೂಕ. ಕೆಸರಲ್ಲಿ ಕಾಲು ಹೂತವರಂತೆ
ತಿರುಗಲಾರದೆ ನಿಂತವು. ಮೂವತ್ತೊಂಬತ್ತು ಪಾಯಿಂಟ್ ಎಂಟು.
ರಕ್ತದ ಲೆಕ್ಕ ಇನ್ನೂ ಹಿಡಿದೇ ಇಲ್ಲ;
ಅದು ನಿಲ್ಲುವ ಜಾತಿಯಲ್ಲ,
ಕೊಟ್ಟ ಬಿಸಿಯನ್ನು ಹೊತ್ತು ನಡೆದುಬಿಡುತ್ತದೆ.

‘ರಾಶಿ ಹಾಕಿದ ಕಾಫಿ ಮೇಲೆ ತಣ್ಣಗಿರುತ್ತೆ, ಒಳಗೆ ಕುದೀತಿರುತ್ತೆ.
ಅಪ್ಪ ಮೊಳಕೈವರೆಗೂ ಕೈ ತೂರಿಸಿ ನೋಡೋರು.
ನೀವು ಒಂದು ಎಳೆ ಇಳಿಬಿಟ್ಟು ದೂರ ಕೂತರೆ ಹೇಗೆ ಗೊತ್ತಾಗುತ್ತೆ?’
ಕೈಗೂ ಬಿಸಿಯಿದೆ, ಪೂಣಚ್ಚ, ಅಂದೆ.
ಅದನ್ನೂ ಕಳೆಯಬೇಕಾಗುತ್ತೆ.
ಅವರು ತಮ್ಮ ಅಂಗೈ ನೋಡಿಕೊಂಡರು.

ತಿತಿಮತಿ ಕಡೆ ಆನೆ ಮರ ತಳ್ಳಿ ಲೈನು ಹೋಯಿತು.
ಸುರುಳಿಯ ಗುಂಯ್‌ಗಾನ ನಿಂತಿತು.
ಬ್ಯಾಟರಿಯ ಮೇಲೆ ಪರದೆಯೊಂದೇ ಉರಿಯುತ್ತ
ಕೆಂಪು ಗೆರೆ ಇಳಿಯತೊಡಗಿತು.
ಇಳಿಯಲಿ, ಆರುವುದನ್ನೂ ಅಳೆಯಬೇಕು:
ಪಡೆದದ್ದನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬುದನ್ನು.

ಪೂಣಚ್ಚ ಬೆನ್ನ ಹಿಂದೆಯೇ ನಿಂತಿದ್ದರು.
ಉಣ್ಣೆಯ ಕೋಟು, ಬೀಡಿಯ ಉಸಿರು.
ಕೋಣೆಯ ಉಷ್ಣಮಾಪಕ ಎರಡು ದಶಾಂಶ ಮೇಲೇರಿತು.
ಇಂಥ ಹೊತ್ತಲ್ಲಿ ದೂರ ನಿಲ್ಲಲು ಹೇಳಬೇಕು, ನಿಯಮ.
ಬಾಯಿಗೆ ಬಂತು. ಹೇಳಲಿಲ್ಲ.

ಟಾರ್ಚಿನ ಬೆಳಕಲ್ಲಿ ನೋಟ್‌ಬುಕ್ಕಿಗೆ ಬರೆದೆ:
ಕೋಣೆ, ಹತ್ತೊಂಬತ್ತು ಪಾಯಿಂಟ್ ನಾಲ್ಕು.
ತೇವ, ಎಪ್ಪತ್ತೊಂದು.
ಅಚ್ಚಾದ ಫಾರಮ್ಮಿನಲ್ಲಿ ಇಲ್ಲದ ಕಲಮೊಂದನ್ನು
ಪೆನ್ನಿಂದ ಎಳೆದೆ:
ಮಂದಿ, ಇಬ್ಬರು.

ಕರೆಂಟು ಬಂದರೆ ನಾಳೆ ಬೆಳಿಗ್ಗೆ
ಮತ್ತೆ ಬರೀ ನೀರಿನಿಂದ.